ಹಾಸ್ಟೆಲ್ ರೂಮಲ್ಲಿ ಓಡಿದ ಇಂಜಿನ್ ಪ್ರದರ್ಶನದಲ್ಲೂ ಓಡಬೇಕಾದರೆ

ಹವ್ಯಾಸ ಪ್ರದರ್ಶನದ ತಾರೀಖು ಗೊತ್ತಾದ ವಾರದಿಂದ ಜೂನಿಯರ್‌ಗಳು ಮೊಬೈಲ್ ಹಿಡಿದು ನಮ್ಮ ಹತ್ತಿರ ಬರೋಕೆ ಶುರು ಮಾಡ್ತಾರೆ. "ಅಣ್ಣಾ ನೋಡಿ, ಓಡ್ತಿದೆ!" ವಿಡಿಯೋ ಹದಿನೈದು ಸೆಕೆಂಡಿನದು. ಪುಟ್ಟ ಹಿತ್ತಾಳೆ ಇಂಜಿನ್ ಟಕಟಕ ಅಂತ ತಿರುಗುತ್ತಿರುತ್ತೆ, ಹಿಂದೆ ಯಾರೋ ಶಿಳ್ಳೆ ಹೊಡೆಯುತ್ತಿರುತ್ತಾರೆ. ನಾವು ಕೇಳುವ ಪ್ರಶ್ನೆ ಒಂದೇ: ಹದಿನಾರನೇ ಸೆಕೆಂಡಲ್ಲಿ ಏನಾಯ್ತು?

ಪ್ರದರ್ಶನ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅಂದುಕೊಳ್ಳಿ. ನಿಮಿಷಕ್ಕೆ 300 ಸುತ್ತು ತಿರುಗುವ ಇಂಜಿನ್ ಏಳು ಗಂಟೆಯಲ್ಲಿ 1,26,000 ಸುತ್ತು ಮುಗಿಸಬೇಕು. ಒಂದು ಸಲ ಓಡುವ ಇಂಜಿನ್ನಿಗೂ ಲಕ್ಷ ಸಲ ತಿರುಗುವ ಇಂಜಿನ್ನಿಗೂ ಡ್ರಾಯಿಂಗ್ ಒಂದೇ ಇರಬಹುದು. ವ್ಯತ್ಯಾಸ ಇರೋದು ಸೋರಿಕೆ, ಘರ್ಷಣೆ, ಶಾಖ ಈ ಮೂರರಲ್ಲಿ. ಅದರ ಬಗ್ಗೆ ನಮಗೆ ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ಈ ಹುಚ್ಚು ಹೊಸದೇನಲ್ಲ. ಇಂಗ್ಲೆಂಡಿನಲ್ಲಿ ಪರ್ಸಿವಲ್ ಮಾರ್ಷಲ್ ಅನ್ನುವವರು 1898ರಲ್ಲಿ 'ಮಾಡೆಲ್ ಇಂಜಿನಿಯರ್' ಪತ್ರಿಕೆ ಶುರು ಮಾಡಿದರು. 1907ರಲ್ಲಿ ಅದರದ್ದೇ ಪ್ರದರ್ಶನವೂ ನಡೆಯಿತು. ಮನೆಯ ಹಿತ್ತಲ ಶೆಡ್ಡಿನಲ್ಲಿ ಲೇತ್ ಇಟ್ಟುಕೊಂಡು ಇಂಜಿನ್ ಮಾಡುವ ಜನ ಅಲ್ಲಿ ಆಗಲೇ ಇದ್ದರು. ನಮಗೆ ಹಿತ್ತಲ ಶೆಡ್ ಇಲ್ಲ, ಆದರೆ ವರ್ಕ್‌ಶಾಪಿನಲ್ಲಿ ಲೇತ್‌ಗಳ ಸಾಲೇ ಇದೆ. ಮೊದಲ ವರ್ಷದ ಲ್ಯಾಬ್ ಪರೀಕ್ಷೆ ಮುಗಿದ ಮೇಲೆ ಅದನ್ನು ಮುಟ್ಟದೇ ಡಿಗ್ರಿ ಮುಗಿಸುವವರೂ ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದು ಬೇರೆ ಮಾತು.

ಮೊದಲ ಇಂಜಿನ್ನಿಗೆ ನಾವು ಎಲ್ಲರಿಗೂ ಹೇಳೋದು ವಾಬ್ಲರ್, ಅಂದರೆ ತೂಗಾಡುವ ಸಿಲಿಂಡರಿನ ಇಂಜಿನ್. ಇದಕ್ಕೆ ಬೇರೆ ವಾಲ್ವ್ ಇಲ್ಲ. ಸಿಲಿಂಡರಿನ ಮೈಯಲ್ಲೇ ಒಂದು ತೂತು, ಅದನ್ನು ಹೊತ್ತು ನಿಂತ ಕಂಬದಲ್ಲಿ ಎರಡು ತೂತು. ಕ್ರ್ಯಾಂಕ್ ತಿರುಗಿದಂತೆ ಸಿಲಿಂಡರ್ ಎಡಕ್ಕೂ ಬಲಕ್ಕೂ ವಾಲುತ್ತೆ. ಒಂದು ಕಡೆ ವಾಲಿದಾಗ ಗಾಳಿ ಒಳಬರುವ ತೂತಿಗೆ ಹೊಂದುತ್ತೆ, ಇನ್ನೊಂದು ಕಡೆ ವಾಲಿದಾಗ ಹೊರಹೋಗುವ ತೂತಿಗೆ. ನೋಡಿದವರಿಗೆ ಎರಡು ನಿಮಿಷದಲ್ಲಿ ಅರ್ಥವಾಗುತ್ತೆ, ಅದಕ್ಕೇ ಪ್ರದರ್ಶನಕ್ಕೆ ಇದಕ್ಕಿಂತ ಒಳ್ಳೆಯದು ಸಿಗೋದು ಕಷ್ಟ.

ತೂತು ಎಲ್ಲಿ ಕೊರೆಯಬೇಕು ಅನ್ನೋದು ಲೆಕ್ಕದ ವಿಷಯ, ಅಂದಾಜಿನದಲ್ಲ. ಸಿಲಿಂಡರಿನ ಒಳವ್ಯಾಸ 12 ಮಿ.ಮೀ., ಸ್ಟ್ರೋಕ್ 20 ಮಿ.ಮೀ. ಇಟ್ಟುಕೊಳ್ಳೋಣ. ಕ್ರ್ಯಾಂಕಿನ ತ್ರಿಜ್ಯ ಸ್ಟ್ರೋಕಿನ ಅರ್ಧ, ಅಂದರೆ 10 ಮಿ.ಮೀ. ಸಿಲಿಂಡರ್ ತೂಗುವ ಪಿವಟ್‌ನಿಂದ ಕ್ರ್ಯಾಂಕ್ ಶಾಫ್ಟಿಗೆ 50 ಮಿ.ಮೀ. ದೂರ. ಆಗ ಸಿಲಿಂಡರ್ ಅತಿ ಹೆಚ್ಚು ವಾಲುವ ಕೋನದ ಸೈನ್ ಬೆಲೆ ಹತ್ತು ಭಾಗಿಸು ಐವತ್ತು. ಕೋನ ಸುಮಾರು 11.5 ಡಿಗ್ರಿ. ಪಿವಟ್‌ನಿಂದ 15 ಮಿ.ಮೀ. ದೂರದಲ್ಲಿ ತೂತು ಇದ್ದರೆ ಅದು ಪಕ್ಕಕ್ಕೆ ಸರಿಯೋದು 15 ಗುಣಿಸು ಐದನೇ ಒಂದು, ಅಂದರೆ 3 ಮಿ.ಮೀ. ಹಾಗಾಗಿ ಕಂಬದ ಎರಡು ತೂತುಗಳ ಕೇಂದ್ರ ನಡುಗೆರೆಯಿಂದ ಆಚೆ 3, ಈಚೆ 3 ಮಿ.ಮೀ. ದೂರದಲ್ಲಿ ಬರಬೇಕು. ಎಲ್ಲ ತೂತಿಗೂ ಒಂದೇ ಡ್ರಿಲ್ ಬಳಸುವುದಾದರೆ ಅದು 3 ಮಿ.ಮೀ.ಗಿಂತ ಸಣ್ಣದಾಗಿರಬೇಕು. 3ಕ್ಕಿಂತ ದೊಡ್ಡದಾದರೆ ಸಿಲಿಂಡರ್ ನೆಟ್ಟಗೆ ನಿಂತ ಗಳಿಗೆಯಲ್ಲಿ ಎರಡೂ ತೂತು ಒಟ್ಟಿಗೆ ತೆರೆದುಕೊಂಡು, ಬಂದ ಗಾಳಿ ಕೆಲಸ ಮಾಡದೆ ನೇರ ಹೊರಗೆ ಹೋಗುತ್ತೆ. 2.5 ಮಿ.ಮೀ. ಡ್ರಿಲ್ ಹಾಕಿದರೆ ಎರಡೂ ಕಡೆ ಅರ್ಧರ್ಧ ಮಿ.ಮೀ. ಮುಚ್ಚಿಕೊಂಡಿರುತ್ತೆ. ಮೂರನೇ ಸೆಮಿಸ್ಟರಿನಲ್ಲಿ ಬೈದುಕೊಂಡು ಓದಿದ ಯಂತ್ರಚಲನೆಯ ಪಾಠ ಇಷ್ಟು ನೇರವಾಗಿ ಕೆಲಸಕ್ಕೆ ಬರುವ ಜಾಗ ಇನ್ನೊಂದಿಲ್ಲ.

ಇನ್ನು ಆ ಎರಡು ಮುಖಗಳು, ಸಿಲಿಂಡರಿನದ್ದು ಮತ್ತು ಕಂಬದ್ದು. ಇವೆರಡರ ನಡುವೆ ಗ್ಯಾಸ್ಕೆಟ್ ಇಲ್ಲ, ಲೋಹಕ್ಕೆ ಲೋಹವೇ ಸೀಲ್. ವಿಡಿಯೋದಲ್ಲಿ ಓಡಿ ಮೇಜಿನ ಮೇಲೆ ನಿಲ್ಲುವ ಇಂಜಿನ್‌ಗಳಲ್ಲಿ ಹೆಚ್ಚಿನವು ಸೋಲೋದು ಇಲ್ಲೇ. ದಪ್ಪ ಗಾಜಿನ ಹಾಳೆ ತಗೊಳ್ಳಿ, ಅದರ ಮೇಲೆ 1000 ನಂಬರಿನ ಎಮೆರಿ ಪೇಪರ್ ಇಟ್ಟು ಒಂದು ಹನಿ ಎಣ್ಣೆ ಬಿಡಿ, ಮುಖವನ್ನು ಇಂಗ್ಲಿಷಿನ 8ರ ಆಕಾರದಲ್ಲಿ ಉಜ್ಜಿ. (ಕನ್ನಡದ ೮ ಅಲ್ಲ, ಅದು ಬರೀ ಒಂದು ಕಡೆ ಸವೆಸುತ್ತೆ!) ಉಜ್ಜುವ ಮೊದಲು ಮುಖಕ್ಕೆಲ್ಲ ಮಾರ್ಕರ್ ಪೆನ್ನಿನಿಂದ ಬಣ್ಣ ಹಚ್ಚಿ. ಎಲ್ಲಿ ಬಣ್ಣ ಉಳಿಯುತ್ತೋ ಅಲ್ಲಿ ತಗ್ಗು ಇದೆ ಅಂತ ಅರ್ಥ. ಬಣ್ಣ ಪೂರ್ತಿ ಹೋಗುವವರೆಗೆ ಕೈ ನೋಯುತ್ತೆ, ನೋಯಲಿ.

ಮುಖಗಳು ಸೋರಿದರೆ ಎಲ್ಲರೂ ಮಾಡೋ ಮೊದಲ ಕೆಲಸ ಪಿವಟ್ಟಿನ ಸ್ಪ್ರಿಂಗ್ ಬಿಗಿ ಮಾಡೋದು. ಅದು ರೋಗಕ್ಕೆ ಮದ್ದಲ್ಲ. 2.5 ಮಿ.ಮೀ. ತೂತಿನ ವಿಸ್ತೀರ್ಣ ಐದು ಚದರ ಮಿ.ಮೀ.ಗಿಂತ ಕಡಿಮೆ. ಅರ್ಧ ಬಾರ್ ಒತ್ತಡದಲ್ಲಿ ಅಲ್ಲಿಂದ ಸಿಲಿಂಡರನ್ನು ತಳ್ಳುವ ಬಲ ಕಾಲು ನ್ಯೂಟನ್, ಅಂದರೆ 25 ಗ್ರಾಂ ತೂಕದಷ್ಟು. ಮುಖ ಸಮತಟ್ಟಾಗಿದ್ದರೆ ಬಾಲ್‌ಪೆನ್ನಿನ ಸ್ಪ್ರಿಂಗ್ ಸಾಕು. ಸ್ಕೂಟರಿನ ಯಾವುದೋ ಸ್ಪ್ರಿಂಗ್ ತಂದು ಹಾಕಿದರೆ ಸೋರಿಕೆ ನಿಲ್ಲಬಹುದು, ಜೊತೆಗೆ ಇಂಜಿನ್ನೂ ನಿಲ್ಲುತ್ತೆ.

ಪಿಸ್ಟನ್ ಸರಿಯಾಗಿ ಕೂತಿದೆಯಾ ನೋಡೋಕೆ ಮೈಕ್ರೋಮೀಟರ್‌ಗಿಂತ ಬೆರಳು ವಾಸಿ. ಸಿಲಿಂಡರನ್ನು ಬಾಯಿ ಕೆಳಗಾಗಿ ಹಿಡಿಯಿರಿ. ತೂತಿನ ಮೇಲೆ ಬೆರಳು ಒತ್ತಿದಾಗ ಪಿಸ್ಟನ್ ಬೀಳಬಾರದು. ಬೆರಳು ತೆಗೆದ ಕೂಡಲೇ ತನ್ನ ತೂಕಕ್ಕೆ ತಾನೇ ಜಾರಬೇಕು. ಮೊದಲನೆಯದು ಆಗದಿದ್ದರೆ ಸೋರಿಕೆ, ಎರಡನೆಯದು ಆಗದಿದ್ದರೆ ಘರ್ಷಣೆ. ಎರಡೂ ಒಟ್ಟಿಗೆ ಆಗುವವರೆಗೆ ಇಂಜಿನ್ ಜೋಡಿಸೋಕೆ ಹೋಗಬೇಡಿ. ಹಿತ್ತಾಳೆ ಸಿಲಿಂಡರಿಗೆ ಮೈಲ್ಡ್ ಸ್ಟೀಲ್ ಪಿಸ್ಟನ್ ಒಳ್ಳೆ ಜೋಡಿ. ಎಣ್ಣೆಗೆ ಹೊಲಿಗೆ ಮಿಷನ್ ಎಣ್ಣೆ. ಹಾಸ್ಟೆಲ್‌ನಲ್ಲಿ ಕೈಗೆ ಸಿಗೋದು ಕೊಬ್ಬರಿ ಎಣ್ಣೆ ನಿಜ, ಆದರೆ ಅದು ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತೆ. ಡಿಸೆಂಬರಿನ ಬೆಳಿಗ್ಗೆ ಬೆಂಗಳೂರಿನಲ್ಲಿ ಏನಾಗುತ್ತೆ ಅಂತ ನಿಮ್ಮ ತಲೆಗೂದಲಿಗೇ ಗೊತ್ತು.

ಇಂಜಿನ್ ಆಯ್ತು. ಗಾಳಿ ಎಲ್ಲಿಂದ? ವರ್ಕ್‌ಶಾಪಿನ ಕಂಪ್ರೆಸರ್ ಹಾಲ್‌ಗೆ ತಂದರೆ ಅದರ ಗದ್ದಲದಲ್ಲಿ ನೀವು ವಿವರಿಸುವುದು ಯಾರಿಗೂ ಕೇಳಿಸಲ್ಲ, ಕರೆಂಟ್ ಹೋದರೆ ಅದೂ ಇಲ್ಲ. ನಮಗೆ ಇಷ್ಟವಾದ ಉಪಾಯ ಕಾರಿನ ಸ್ಟೆಪ್ನಿ. ಪಂಕ್ಚರ್ ಅಂಗಡಿಯಲ್ಲಿ 2 ಬಾರ್ ಅಂದರೆ ಸುಮಾರು 30 ಪಿಎಸ್ಐ ಗಾಳಿ ತುಂಬಿಸಿ ಮೇಜಿನ ಕೆಳಗೆ ಇಡಿ, ನಡುವೆ ಒಂದು ರೆಗ್ಯುಲೇಟರ್ ಹಾಕಿ ಇಂಜಿನ್ನಿಗೆ ಅರ್ಧ ಬಾರ್ ಮಾತ್ರ ಬಿಡಿ. ಎಷ್ಟು ಹೊತ್ತು ಬರುತ್ತೆ? ಟೈರಿನೊಳಗೆ 25 ಲೀಟರ್ ಜಾಗ ಇದೆ ಅಂದುಕೊಂಡರೆ, ಒತ್ತಡ 2 ಬಾರ್‌ನಿಂದ ಅರ್ಧ ಬಾರ್‌ಗೆ ಇಳಿಯುವಷ್ಟರಲ್ಲಿ ಹೊರಗಿನ ಗಾಳಿಯ ಲೆಕ್ಕದಲ್ಲಿ ಮೂವತ್ತೇಳೂವರೆ ಲೀಟರ್ ಸಿಗುತ್ತೆ. ಮೇಲೆ ಹೇಳಿದ ಇಂಜಿನ್ ಒಂದು ಸುತ್ತಿಗೆ 2.26 ಸಿಸಿ ತುಂಬಿಕೊಳ್ಳುತ್ತೆ, ಹೊರಗಿನ ಗಾಳಿಯ ಲೆಕ್ಕದಲ್ಲಿ 3.4 ಸಿಸಿ. 300 ಸುತ್ತಿಗೆ ನಿಮಿಷಕ್ಕೆ ಹೆಚ್ಚೂಕಡಿಮೆ ಒಂದು ಲೀಟರ್. ಸೋರಿಕೆಯೇ ಇಲ್ಲದಿದ್ದರೆ ಮೂವತ್ತೇಳು ನಿಮಿಷ. ನಿಮ್ಮ ಟೈರ್ ಇಪ್ಪತ್ತು ನಿಮಿಷಕ್ಕೇ ಖಾಲಿಯಾದರೆ, ಸುಮಾರು ಅರ್ಧ ಗಾಳಿ ಕೆಲಸ ಮಾಡದೇ ಹೋಗ್ತಿದೆ ಅಂತ ಯಾವ ಉಪಕರಣವೂ ಇಲ್ಲದೆ ಗೊತ್ತಾಯ್ತು. ಏಳು ಗಂಟೆ ಒಂದೇ ಸಮ ಓಡಿಸೋಕೆ ಟೈರ್ ಸಾಲಲ್ಲ. ಜನ ಬಂದಾಗ ಮಾತ್ರ ಕವಾಟ ತೆರೆಯಿರಿ, ಕಾಲಿನಲ್ಲಿ ಒತ್ತುವ ಪಂಪ್ ಒಂದು ಪಕ್ಕದಲ್ಲಿರಲಿ. ಪಂಪ್ ಮಾಡೋಕೆ ಶಾಲಾ ಮಕ್ಕಳು ಸಾಲು ನಿಲ್ಲುತ್ತಾರೆ, ನೀವು ಕರೆಯಬೇಕಾಗಿಲ್ಲ.

"ಹಬೆ ಇಂಜಿನ್ ಅಂದ್ಮೇಲೆ ಹಬೆಯಲ್ಲೇ ಓಡಿಸೋಣ" ಅನ್ನುವ ಉತ್ಸಾಹಿಗಳಿಗೆ ಖಡಾಖಂಡಿತ ಬೇಡ ಅಂತೇವೆ. ಪೇಂಟ್ ಡಬ್ಬಿ, ಹಾರ್ಲಿಕ್ಸ್ ಡಬ್ಬಿ, ಹಳೇ ಅಗ್ನಿಶಾಮಕದ ಸಿಲಿಂಡರು, ಇವು ಯಾವುವೂ ಬಾಯ್ಲರ್ ಅಲ್ಲ. ನೀರು ಹಬೆಯಾದಾಗ ಸಾಮಾನ್ಯ ಒತ್ತಡದಲ್ಲಿ 1600 ಪಟ್ಟಿಗೂ ಹೆಚ್ಚು ಜಾಗ ಕೇಳುತ್ತೆ. ಗೊತ್ತಿದ್ದವರು ಮಾಡಿದ ಮಾದರಿ ಬಾಯ್ಲರನ್ನೂ ಮೊದಲು ತಣ್ಣೀರು ತುಂಬಿ, ಕೆಲಸದ ಒತ್ತಡದ ಎರಡು ಪಟ್ಟು ಕೊಟ್ಟು ಪರೀಕ್ಷಿಸುತ್ತಾರೆ. ನೀರು ಕುಗ್ಗುವುದಿಲ್ಲವಾದ್ದರಿಂದ ಬಾಯ್ಲರ್ ಒಡೆದರೂ ಸಿಡಿಯುವುದಿಲ್ಲ ಅನ್ನೋದೇ ಅದರ ಗುಟ್ಟು. ಹೊರದೇಶದ ಪ್ರದರ್ಶನಗಳಲ್ಲೂ ಒಳಾಂಗಣದ ಮೇಜಿನ ಮೇಲಿನ ಹಬೆ ಇಂಜಿನ್‌ಗಳನ್ನು ಗಾಳಿಯಲ್ಲಿ ಓಡಿಸುವುದು ಮಾಮೂಲಿ. ನಾಚಿಕೆಪಡುವಂಥದ್ದು ಏನೂ ಇಲ್ಲ.

ಎರಡನೇ ಇಂಜಿನ್ ಸ್ಟರ್ಲಿಂಗ್. ರಾಬರ್ಟ್ ಸ್ಟರ್ಲಿಂಗ್ ಅನ್ನುವ ಸ್ಕಾಟ್ಲೆಂಡಿನ ಪಾದ್ರಿ 1816ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಬಿಸಿನೀರ ಲೋಟದ ಮೇಲೆ ಓಡುವ ಚಪ್ಪಟೆ ಮಾದರಿ ಬಂದಿದ್ದು ಮಾತ್ರ ತೀರಾ ಈಚೆಗೆ. 1983ರಲ್ಲಿ ಜಾಗ್ರೆಬ್‌ನ ಪ್ರೊಫೆಸರ್ ಇವೊ ಕೋಲಿನ್ ಅಂಥದ್ದನ್ನು ಓಡಿಸಿ ತೋರಿಸಿದರು. ಆಮೇಲೆ ಅಮೆರಿಕದ ಜೇಮ್ಸ್ ಸೆನ್ಫ್ಟ್ ಬರೀ ಅರ್ಧ ಡಿಗ್ರಿ ವ್ಯತ್ಯಾಸದಲ್ಲಿ ಓಡುವುದನ್ನೂ ಮಾಡಿದರು.

ಕೆಳಗೊಂದು ಬಿಸಿ ತಟ್ಟೆ, ಮೇಲೊಂದು ತಣ್ಣನೆ ತಟ್ಟೆ, ನಡುವೆ ಮುಚ್ಚಿದ ಗಾಳಿ. ಒಳಗೆ ಥರ್ಮಕೋಲಿನ ಬಿಲ್ಲೆ ಮೇಲೆ ಕೆಳಗೆ ಆಡುತ್ತಾ ಗಾಳಿಯನ್ನು ಒಮ್ಮೆ ಬಿಸಿ ಕಡೆಗೆ, ಒಮ್ಮೆ ತಣ್ಣನೆ ಕಡೆಗೆ ಸರಿಸುತ್ತೆ. ಹಿಗ್ಗಿದ ಗಾಳಿ ಪುಟ್ಟ ಪಿಸ್ಟನ್ನನ್ನು ತಳ್ಳುತ್ತೆ. ಬಿಲ್ಲೆ ಪಿಸ್ಟನ್ನಿಗಿಂತ 90 ಡಿಗ್ರಿ ಮುಂದಿರಬೇಕು. ಇಲ್ಲಿ ಪಿಸ್ಟನ್ ದೊಡ್ಡದು ಮಾಡಿದಷ್ಟೂ ಶಕ್ತಿ ಜಾಸ್ತಿ ಅಂದುಕೊಳ್ಳಬೇಡಿ. ಕೋಲಿನ್ ಕೊಟ್ಟ ಸೂತ್ರದ ಪ್ರಕಾರ ಸಂಕೋಚನ ಅನುಪಾತ ಒಂದಕ್ಕೆ ಕೂಡಿಸು ಉಷ್ಣತೆಯ ವ್ಯತ್ಯಾಸ ಭಾಗಿಸು 1100. 85 ಡಿಗ್ರಿ ನೀರು, 30 ಡಿಗ್ರಿ ಮೇಲ್ತಟ್ಟೆ ಅಂದರೆ ವ್ಯತ್ಯಾಸ 55, ಅನುಪಾತ 1.05. ಡಬ್ಬಿಯೊಳಗೆ 200 ಸಿಸಿ ಗಾಳಿ ಇದ್ದರೆ ಪಿಸ್ಟನ್ ಗುಡಿಸುವ ಜಾಗ 10 ಸಿಸಿ ದಾಟಬಾರದು. ಕಡಿಮೆಯಾದರೂ ಓಡುತ್ತೆ, ಹೆಚ್ಚಾದರೆ ಗಾಳಿಯನ್ನು ಒತ್ತುವುದರಲ್ಲೇ ಫ್ಲೈವೀಲ್ ಸುಸ್ತಾಗುತ್ತೆ. ಗಾಜಿನ ಸಿರಿಂಜ್ ಸಿಕ್ಕರೆ ಅದೇ ಸಿಲಿಂಡರು, ಅದೇ ಪಿಸ್ಟನ್ನು. ಅದಕ್ಕೆ ಎಣ್ಣೆ ಮುಟ್ಟಿಸಬೇಡಿ, ಅಂಟಿಕೊಳ್ಳುತ್ತೆ. 608 ಬೇರಿಂಗ್ ಬಳಸುವುದಾದರೆ ಒಳಗಿನ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಪೂರ್ತಿ ತೊಳೆದುಬಿಡಿ.

ಇದರ ಹದಿನಾರನೇ ಸೆಕೆಂಡ್ ಬರೋದು ಅರ್ಧ ಗಂಟೆಯ ಮೇಲೆ. ನೀರು ಆರುತ್ತಾ ಬರುತ್ತೆ, ಮೇಲ್ತಟ್ಟೆ ಬಿಸಿಯಾಗುತ್ತಾ ಹೋಗುತ್ತೆ, ಎರಡೂ ಸೇರಿ ವ್ಯತ್ಯಾಸ ಕರಗುತ್ತೆ. ಅದಕ್ಕೇ ಎರಡು ತಟ್ಟೆಗಳ ನಡುವಿನ ಗೋಡೆ ಲೋಹದ್ದಾಗಿರಬಾರದು, ಅಕ್ರಿಲಿಕ್ ಒಳ್ಳೆಯದು. ಲೋಟದ ಬಾಯಿ ತಟ್ಟೆಗಿಂತ ಚಿಕ್ಕದಿರಲಿ, ಇಲ್ಲದಿದ್ದರೆ ಹಬೆ ಸುತ್ತಿಕೊಂಡು ಮೇಲ್ತಟ್ಟೆಯನ್ನೇ ಕಾಯಿಸುತ್ತೆ. ಮೇಲೆ ಒದ್ದೆ ಬಟ್ಟೆಯ ತುಂಡು, ಮೇಜಿನ ಕೆಳಗೆ ಬಿಸಿನೀರಿನ ದೊಡ್ಡ ಫ್ಲಾಸ್ಕ್. ಅಂಗೈ ಬಿಸಿಗೆ ಓಡುವ ಮಾದರಿ ಮಾಡಿದವರು ಪ್ರದರ್ಶನದ ತಿಂಗಳು ಯಾವುದು ಅಂತ ಮೊದಲು ನೋಡಿಕೊಳ್ಳಿ. ಮೇ ತಿಂಗಳ ರಾಯಚೂರಿನಲ್ಲಿ ಹಾಲ್ ಮತ್ತು ಅಂಗೈ ಎರಡೂ ಒಂದೇ ಬಿಸಿ, ಅಲ್ಲಿ ಸ್ಟರ್ಲಿಂಗ್ ಅಲ್ಲ ಯಾರೂ ಏನೂ ಮಾಡೋಕಾಗಲ್ಲ. ಆಗ ಐಸ್ ತರಿಸಿ. ಇಂಜಿನ್ನನ್ನೇ ಐಸ್ ಮೇಲೆ ಇಟ್ಟರೆ ಬಿಸಿ ತಣ್ಣಗೆ ಅದಲುಬದಲಾಗಿ ಉಲ್ಟಾ ತಿರುಗುತ್ತೆ. ಜನ ಇದನ್ನು ನೋಡಿದಷ್ಟು ಖುಷಿಯಿಂದ ಬೇರೆ ಯಾವುದನ್ನೂ ನೋಡಲ್ಲ.

ಪ್ರದರ್ಶನದ ಹಿಂದಿನ ವಾರ ವಾಬ್ಲರನ್ನು ಕೈ ಡ್ರಿಲ್‌ಗೆ ಕಟ್ಟಿ, ಎಣ್ಣೆ ಬಿಡುತ್ತಾ, ನಿಧಾನವಾಗಿ ಒಂದೆರಡು ಗಂಟೆ ತಿರುಗಿಸಿ. ಹೊರಬರುವ ಎಣ್ಣೆ ಕಪ್ಪಾಗಿರುತ್ತೆ, ಅದು ಸವೆದ ಲೋಹ. ಒರೆಸಿ ಮತ್ತೆ ಬಿಡಿ, ಬೆಳ್ಳಗೆ ಬರುವವರೆಗೆ. ಆಮೇಲೆ ಒಂದು ಪೂರ್ತಿ ದಿನ ಯಾರೂ ಮುಟ್ಟದೆ ಓಡಿಸಿ ನೋಡಿ. ಬಿಗಿದ ಸ್ಕ್ರೂ ಸಡಿಲವಾಗೋದು, ಕ್ರ್ಯಾಂಕ್ ಪಿನ್ ಜಾರೋದು, ಎಲ್ಲ ಆಗಲೇ ಆಗಲಿ. ಫ್ಲೈವೀಲಿಗೆ ಅಕ್ರಿಲಿಕ್ ಮರೆ ಇರಲೇಬೇಕು, ಮಕ್ಕಳ ಬೆರಳು ಬೋರ್ಡಿನ ಮೇಲಿನ 'ಮುಟ್ಟಬೇಡಿ' ಓದಲ್ಲ.

ಮತ್ತೆ ಪ್ರಶ್ನೆಗಳು. "ಮೈಲೇಜ್ ಎಷ್ಟು ಕೊಡುತ್ತಪ್ಪಾ?" ಅಂತ ತಮಾಷೆಗೆ ಕೇಳುವವರು ಇದ್ದೇ ಇರ್ತಾರೆ. ಹೊಲ ಇರುವ ಹಿರಿಯರು "ನೀರೆತ್ತುತ್ತಾ?" ಅಂತಾರೆ, ಹುಡುಗರು "ಫೋನ್ ಚಾರ್ಜ್ ಆಗುತ್ತಾ?" ಅಂತಾರೆ. ಇವು ಹಗುರವಾದ ಪ್ರಶ್ನೆಗಳಲ್ಲ, ಉತ್ತರವನ್ನು ಲೆಕ್ಕ ಹಾಕಿಟ್ಟುಕೊಂಡೇ ಹೋಗಿ. ಅರ್ಧ ಬಾರ್‌ನಲ್ಲಿ ಪಿಸ್ಟನ್ ಮೇಲಿನ ಬಲ 5.6 ನ್ಯೂಟನ್, ಸ್ಟ್ರೋಕ್ 2 ಸೆಂ.ಮೀ., ಸೆಕೆಂಡಿಗೆ 5 ಸುತ್ತು. ಘರ್ಷಣೆ ಕಳೆಯುವ ಮೊದಲೇ ಅರ್ಧ ವ್ಯಾಟ್ ಚಿಲ್ಲರೆ. ಸಾಧಾರಣ ಫೋನ್ ಚಾರ್ಜರ್ ಕೊಡೋದು 5 ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು. "ಹತ್ತು ಇಂಜಿನ್ ಜೋಡಿಸಿದರೂ ಕಷ್ಟ ಸಾರ್, ಒಂದು ಪುಟ್ಟ ಎಲ್ಇಡಿ ಹೊತ್ತುತ್ತೆ" ಅಂತ ಇದ್ದದ್ದು ಇದ್ದ ಹಾಗೆ ಹೇಳಿ, ಎಲ್ಇಡಿ ಹೊತ್ತಿಸಿ ತೋರಿಸಿ. ಬೋರ್ಡಿನಲ್ಲಿ ಈ ಅಂಕಿಗಳು ಕನ್ನಡದಲ್ಲಿರಲಿ. ದೊಡ್ಡ ಇಂಜಿನ್‌ಗಳನ್ನು ಜನರಿಗೆ ಹೇಗೆ ತೋರಿಸ್ತಾರೆ ಅಂತ ನೋಡಬೇಕಿದ್ದರೆ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂನ ಇಂಜಿನ್ ಹಾಲ್‌ನಲ್ಲಿ ಒಂದು ಮಧ್ಯಾಹ್ನ ಕಳೆಯಿರಿ.

ಮೇಜಿಗೆ ಹೋಗುವಾಗ ಒಂದು ಸಣ್ಣ ಡಬ್ಬಿ ಕೈಲಿರಲಿ: ನಾಲ್ಕು ಬಾಲ್‌ಪೆನ್ ಸ್ಪ್ರಿಂಗ್, ಒಂದು ಮೀಟರ್ ಪೈಪು, ಎಣ್ಣೆ, ಹಳೇ ಬನಿಯನ್ ಬಟ್ಟೆ, ಅಲೆನ್ ಕೀ. ಇಂಜಿನ್ ಕೆಳಗೆ ಒಂದು ತಟ್ಟೆ ಇಡಿ, ಎಣ್ಣೆ ತೊಟ್ಟಿಕ್ಕಿಯೇ ತೊಟ್ಟಿಕ್ಕುತ್ತೆ, ಹಾಲ್‌ನ ಮೇಜುಬಟ್ಟೆ ಹಾಳಾದರೆ ಮುಂದಿನ ವರ್ಷ ಜಾಗ ಕೇಳೋದು ನಮ್ಮ ಕರ್ಮ. ಈ ಸಲದ ಸ್ಟೆಪ್ನಿಗೆ ಇನ್ನೂ ಯಾರೂ ಒಪ್ಪಿಲ್ಲ. ಕಾರಿರುವ ಡೇ ಸ್ಕಾಲರ್‌ಗಳು ದಯವಿಟ್ಟು ನಮ್ಮನ್ನು ವರ್ಕ್‌ಶಾಪಿನಲ್ಲಿ ಕಾಣಿ.