ಹೊಗೆಕೊಳವೆಗೂ ಗಂಧಕದ ವಿಷ

ಹಿಂದೂಪುರ, ಕಲ್ಯಾಣದುರ್ಗಗಳ ಬೀದಿಗಳಲ್ಲಿ ಓಡುವ ಹೊಸ ಮೋಟಾರು ಸೈಕಲ್ಲುಗಳ ಹೊಗೆಕೊಳವೆಯೊಳಗೆ ಅಮೂಲ್ಯ ಲೋಹಗಳಿವೆಯೆಂದರೆ ವಾಚಕರು ಅಚ್ಚರಿಪಟ್ಟಾರು. ಜೇನುಗೂಡಿನಂಥ ಚೌಕಟ್ಟಿಗೆ ಅಲ್ಯೂಮಿನಾ ಲೇಪ. ಅದರ ಮೇಲೆ ಪಲ್ಲೇಡಿಯಂ, ರೋಡಿಯಂ, ಪ್ಲಾಟಿನಂಗಳಂಥ ಲೋಹಗಳ ಸೂಕ್ಷ್ಮ ಕಣಗಳು. ತಾವು ವ್ಯಯವಾಗದೆಯೇ ಇವು ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡಾಗಿ ಮಾರ್ಪಡಿಸುತ್ತವೆ.

ಆದರೆ ಇಂಧನದಲ್ಲಿನ ಗಂಧಕವು ಉರಿದು ಈ ಕಣಗಳಿಗೆ ಅಂಟಿಕೊಂಡರೆ ಅನಿಲಗಳಿಗೆ ಅಲ್ಲಿ ಎಡೆಯಿರದು. ಅಲ್ಯೂಮಿನಾದಲ್ಲಿಯೂ ಸಲ್ಫೇಟು ಸೇರುತ್ತದೆ. ಹೆಚ್ಚಿನ ಶಾಖಕ್ಕೆ ಗಂಧಕ ಒಂದಿಷ್ಟು ಕಳಚೀತು, ಪೂರ್ತಿಯಾಗಿ ಅಲ್ಲ. ಆದ್ದರಿಂದಲೇ ದೇಶದಾದ್ಯಂತ ಪೆಟ್ರೋಲಿನ ಗಂಧಕದ ಮಿತಿಯು 2017ರಲ್ಲಿ 10 ಲಕ್ಷಕ್ಕೆ 50 ಭಾಗಕ್ಕೂ, 2020ರ ಏಪ್ರಿಲ್ 1ರಿಂದ 10 ಭಾಗಕ್ಕೂ ಇಳಿಯಿತು.

ಸೀಮೆಎಣ್ಣೆ ಬೆರೆಸಿದ ಪೆಟ್ರೋಲನ್ನು ಅಗ್ಗವೆಂದು ಕೊಂಡರೆ ಗಂಧಕವೂ ಜೊತೆಗೆ ಬರುತ್ತದೆ. ಬಂಡಿಯೇನೋ ಓಡೀತು, ಶುದ್ಧವಾಗದ ಆ ಹೊಗೆಯನ್ನು ಕುಡಿಯುವವರು ರಸ್ತೆಯಂಚಿನಲ್ಲಿ ಶಾಲೆಗೆ ನಡೆಯುವ ನಮ್ಮ ಮಕ್ಕಳು.