ಹಳೆಯ ಕಾರಿಗೆ ಹೊಸ ಹೆಡರ್: ಅಗ್ಗದ್ದೋ, ದುಬಾರಿಯದೋ?

ಹುಬ್ಬಳ್ಳಿಯಲ್ಲಿ ಕೃಷಿ ಉಪಕರಣಗಳ ಬಿಡಿಭಾಗಗಳನ್ನು ತಯಾರಿಸುವ ನಮ್ಮ ಕಕ್ಷಿದಾರರೊಬ್ಬರು ಲೆಕ್ಕಪತ್ರ ಒಪ್ಪಿಸಲು ಬಂದಾಗ ಎರಡು ದರಪಟ್ಟಿಗಳನ್ನು ಮೇಜಿನ ಮೇಲಿಟ್ಟರು. “ಸಾಹೇಬ್ರ, ಎರಡೂ ಕೊಟೇಶನ್ ತಂದೇನಿ. ಯಾವುದು ಹಾಕಸೋದು, ನೀವ ಹೇಳ್ರಿ” ಎಂದರು. ಅವರ ಸಂಸ್ಥೆಯ ಹೆಸರಿನಲ್ಲಿ 2006ರ ಮಾರುತಿ ಎಸ್ಟೀಮ್ ಕಾರೊಂದಿದೆ. ತಂದೆಯವರು ಕೊಂಡದ್ದು. ಮಾದರಿಗಳನ್ನು ಒಯ್ಯಲು, ಬ್ಯಾಂಕಿಗೆ ಹೋಗಿಬರಲು ಇಂದಿಗೂ ಅದೇ ವಾಹನ. ಅದರ ಎಂಜಿನ್ನಿನಿಂದ ಹೊಗೆಯನ್ನು ಹೊರಗೊಯ್ಯುವ ಬೀಡಿನ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿತ್ತು. ಮೆಕ್ಯಾನಿಕ್ ಅದನ್ನು ತೆಗೆದುಹಾಕಿ ‘ಹೆಡರ್’ ಕೂಡಿಸಬಹುದೆಂದು ಸೂಚಿಸಿದ್ದನು. ಒಂದು ದರಪಟ್ಟಿಯಲ್ಲಿ ಎಂಟು ಸಾವಿರ ರೂಪಾಯಿ, ಇನ್ನೊಂದರಲ್ಲಿ ಇಪ್ಪತ್ತೆಂಟು ಸಾವಿರ. ಜೊತೆಯಲ್ಲಿದ್ದ ಗುಮಾಸ್ತರು ನಡುವೆ ಬಾಯಿ ಹಾಕಿ, “ಕಾರಿನ ಬುಕ್ ವ್ಯಾಲ್ಯೂಗಿಂತ ಹೆಡರ್ ರೇಟೇ ಜಾಸ್ತಿ ಆತಲ್ರಿ” ಎಂದರು.

ಗುಮಾಸ್ತರ ಮಾತು ಲೆಕ್ಕದ ದೃಷ್ಟಿಯಿಂದ ಸರಿಯಾಗಿಯೇ ಇತ್ತು. ಐದು ಲಕ್ಷಕ್ಕೆ ಕೊಂಡ ಕಾರಿನ ಮೌಲ್ಯವನ್ನು ಶೇಕಡಾ 15ರಂತೆ ಹದಿನೆಂಟು ವರ್ಷ ಇಳಿಸುತ್ತ ಬಂದರೆ ಉಳಿಯುವುದು ಸುಮಾರು 26,800 ರೂಪಾಯಿ. ಆದರೆ ಈ ನಿರ್ಣಯಕ್ಕೂ ಆ ಅಂಕಿಗೂ ಯಾವ ಸಂಬಂಧವೂ ಇಲ್ಲ. ಪುಸ್ತಕ ಮೌಲ್ಯವು ಹಿಂದೆ ಮಾಡಿದ ವೆಚ್ಚದಲ್ಲಿ ಇನ್ನೂ ಬರೆದುಹಾಕದೆ ಉಳಿದಿರುವ ಭಾಗವನ್ನು ಮಾತ್ರ ತೋರಿಸುತ್ತದೆ. ಕಾರು ಇನ್ನೆಷ್ಟು ವರ್ಷ ಓಡಲಿದೆ, ಅದು ನಿಂತರೆ ಎಷ್ಟು ನಷ್ಟ ಎಂಬುದನ್ನು ಅದು ತಿಳಿಸದು. ಯಂತ್ರದ ಬೇರಿಂಗ್‌ನಿಂದ ಹಿಡಿದು ಕಾರಿನ ಹೆಡರ್‌ವರೆಗೆ ನಮ್ಮ ಸದಸ್ಯರಲ್ಲಿ ಅನೇಕರು ಇದೇ ಅಂಕಿಯನ್ನು ನೋಡಿ ತಪ್ಪು ನಿರ್ಣಯ ಮಾಡುವುದನ್ನು ಕಂಡಿದ್ದೇನೆ.

ಮೊದಲು ವಸ್ತುವಿನ ವಿಚಾರ. ಬೀಡಿನ ಮ್ಯಾನಿಫೋಲ್ಡ್ ಒಂದೇ ಎರಕದ, ಭಾರವಾದ ತುಂಡು. ಹೆಡರ್‌ನಲ್ಲಿ ಪ್ರತಿ ಸಿಲಿಂಡರಿಗೂ ಒಂದೊಂದು ಬಾಗಿಸಿದ ಉಕ್ಕಿನ ಕೊಳವೆಯಿದ್ದು, ಅವೆಲ್ಲವೂ ಮುಂದೆ ಒಂದೆಡೆ ಕೂಡುತ್ತವೆ. ಒಂದು ಸಿಲಿಂಡರಿನ ಹೊಗೆ ಇನ್ನೊಂದರ ಹೊಗೆಗೆ ಅಡ್ಡಬರದೆ ಸರಾಗವಾಗಿ ಹೊರಹೋಗಲೆಂದು ಈ ವ್ಯವಸ್ಥೆ. ಎಂಜಿನ್ ಅತಿ ವೇಗವಾಗಿ ತಿರುಗುವಾಗ ಶಕ್ತಿ ಸ್ವಲ್ಪ ಹೆಚ್ಚುವುದು ನಿಜ. ರ‍್ಯಾಲಿಗಳಲ್ಲಿ ಕಾರು ಓಡಿಸುವವರು ಇದನ್ನು ಬಳಸುವುದು ಅದಕ್ಕಾಗಿಯೇ. ಗೋಕುಲ ರಸ್ತೆಯ ಸಂಚಾರದಲ್ಲಿ ಎರಡನೆಯ, ಮೂರನೆಯ ಗೇರಿನಲ್ಲಿ ಸಾಗುವ 1,298 ಸಿ.ಸಿ. ಕಾರಿಗೆ ಅದರಿಂದ ಲಾಭವೇನೂ ಇಲ್ಲವೆಂದೇ ಹೇಳಬೇಕು. ಆದ್ದರಿಂದ ‘ಪಿಕಪ್ ಹೆಚ್ಚುತ್ತದೆ’ ಎಂಬ ಮಾತಿಗೆ ನಾನು ಲೆಕ್ಕದಲ್ಲಿ ಒಂದು ರೂಪಾಯಿಯನ್ನೂ ಹಿಡಿಯುವುದಿಲ್ಲ.

ಹಾಗಾದರೆ ಇಪ್ಪತ್ತು ಸಾವಿರದ ವ್ಯತ್ಯಾಸ ಎಲ್ಲಿಂದ ಬಂತು? ಅಗ್ಗದ ಹೆಡರ್ ಸಾಮಾನ್ಯವಾಗಿ ತೆಳುವಾದ ಎಂ.ಎಸ್. ಕೊಳವೆಯದು, ಮೇಲೆ ಬೆಳ್ಳಿಯ ಬಣ್ಣ. ಎಂಜಿನ್ನಿಗೆ ಭಾರ ಬಿದ್ದಾಗ ಅಲ್ಲಿ ಹೊಗೆಯ ಉಷ್ಣತೆ 700ರಿಂದ 850 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಸಾಧಾರಣ ಉಕ್ಕು ಇದಕ್ಕಿಂತ ಬಹಳ ಕಡಿಮೆ ಶಾಖದಲ್ಲಿಯೇ ಪದರ ಪದರವಾಗಿ ಸುಲಿಯತೊಡಗುತ್ತದೆ. ದುಬಾರಿಯದು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು. ಅದರಲ್ಲಿ ಶೇಕಡಾ 18ರಷ್ಟು ಕ್ರೋಮಿಯಂ, ಶೇಕಡಾ 8ರಷ್ಟು ನಿಕ್ಕೆಲ್ ಇರುವುದರಿಂದ ಆ ಶಾಖವನ್ನು ತಾಳಿಕೊಳ್ಳುತ್ತದೆ. ಇವೆರಡರ ನಡುವೆ 409 ಎಂಬ ದರ್ಜೆಯಿದೆ. ಇದರಲ್ಲಿ ಕ್ರೋಮಿಯಂ ಸುಮಾರು ಶೇಕಡಾ 11. ಮೇಲೆ ಕಂದು ಬಣ್ಣದ ತುಕ್ಕು ಕಾಣಿಸಿದರೂ ಒಳಗೆ ಗಟ್ಟಿಯಾಗಿರುತ್ತದೆ. ಕಾರು ತಯಾರಕರೇ ಇದನ್ನು ವ್ಯಾಪಕವಾಗಿ ಬಳಸುತ್ತಾರೆ.

ಇಲ್ಲಿ ನಮ್ಮ ವ್ಯಾಪಾರಿ ಬಂಧುಗಳಿಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಆಯಸ್ಕಾಂತ ಹಿಡಿದು ನೋಡಿ, ಅಂಟದಿದ್ದರೆ ‘ಒಳ್ಳೆಯ ಸ್ಟೀಲು’ ಎಂದು ತೀರ್ಮಾನಿಸುವ ಪದ್ಧತಿ ಬಹಳ ದಿನಗಳಿಂದ ನಡೆದುಬಂದಿದೆ. ಒಳ್ಳೆಯ 409 ಆಯಸ್ಕಾಂತಕ್ಕೆ ಅಂಟುತ್ತದೆ. ನಿಕ್ಕೆಲ್ ಕಡಿಮೆ ಮಾಡಿ ಮ್ಯಾಂಗನೀಸ್ ಬೆರೆಸಿದ 200 ಸರಣಿಯ ಅಗ್ಗದ ಸ್ಟೀಲು, ಪಾತ್ರೆ ವ್ಯಾಪಾರದಲ್ಲಿ ‘ಜೆ-4’ ಎಂದು ಕರೆಯಲ್ಪಡುವಂಥದು, ಅಂಟುವುದಿಲ್ಲ. ಹೀಗಾಗಿ 304 ಎಂಬ ಹೆಸರಿನಲ್ಲಿ 200 ಸರಣಿಯ ಮಾಲನ್ನು ಮಾರಿದರೆ ಆಯಸ್ಕಾಂತ ಅದನ್ನು ಹಿಡಿದುಕೊಡದು. ಸ್ಟೀಲು ವ್ಯಾಪಾರಿಗಳಲ್ಲಿ ಹನಿ ಹಾಕಿ ಬಣ್ಣ ನೋಡುವ ರಾಸಾಯನಿಕ ದ್ರಾವಣವಿರುತ್ತದೆ; ಅದರಿಂದ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಬಿಲ್ಲಿನಲ್ಲಿ ದರ್ಜೆಯನ್ನು ನಮೂದಿಸುವಂತೆ ಕೇಳಿರಿ. ನಮೂದಿಸಲು ಹಿಂಜರಿದರೆ ದುಬಾರಿ ದರವನ್ನು ಕೊಡುವ ಕಾರಣವೇ ಉಳಿಯುವುದಿಲ್ಲ.

304 ದರ್ಜೆಯದೆಂದು ಖಚಿತವಾದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದಲ್ಲ. ಬಿಸಿಯಾದಾಗ ಅದು ಸಾಧಾರಣ ಉಕ್ಕಿಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಹಿಗ್ಗುತ್ತದೆ. ಕೊಳವೆಗಳು ಸರಿದಾಡಲು ಆಸ್ಪದವಿಲ್ಲದಂತೆ ಬಿಗಿಯಾಗಿ ಬೆಸೆದಿದ್ದರೆ ವೆಲ್ಡಿಂಗ್ ಪಕ್ಕದಲ್ಲಿಯೇ ಸೀಳುತ್ತದೆ. ಹೆಡರ್‌ನ ನಿಜವಾದ ವೈರಿ ದಿನಕ್ಕೆ ಹತ್ತು ಬಾರಿ ಕಾದು ಹತ್ತು ಬಾರಿ ತಣಿಯುವ ಕ್ರಿಯೆ. ಮಳೆಯ ನೀರಿನಿಂದ, ಒಳಗೆ ಕೂಡುವ ತೇವದಿಂದ ಕೆಡುವುದು ಹೆಚ್ಚಾಗಿ ಹಿಂದಿನ ಸೈಲೆನ್ಸರ್. ಆದ್ದರಿಂದ ಎಂಜಿನ್ನಿಗೆ ಬೋಲ್ಟ್ ಆಗುವ ಫ್ಲೇಂಜ್ ಎಷ್ಟು ದಪ್ಪವಿದೆ ಎಂಬುದನ್ನು ಮೊದಲು ನೋಡಬೇಕು. ಐದಾರು ಮಿಲಿಮೀಟರಿನದು ಬಲುಬೇಗ ಸೊಟ್ಟಗಾಗುತ್ತದೆ. ಎಂಟರಿಂದ ಹತ್ತು ಮಿಲಿಮೀಟರಿನದು ನಿಲ್ಲುತ್ತದೆ. ಎಂ.ಎಸ್. ಹೆಡರ್‌ಗೆ ಶಾಖನಿರೋಧಕ ಪಟ್ಟಿ ಸುತ್ತಿಸಬಾರದು. ತೇವವನ್ನು ಹಿಡಿದಿಟ್ಟು ತುಕ್ಕನ್ನು ಬೇಗ ಕರೆತರುತ್ತದೆ.

ಈ ಸೊಟ್ಟ ಫ್ಲೇಂಜಿನ ಪಾಠವನ್ನು ನಾನು ಕೈಯಿಂದ ಹಣ ತೆತ್ತು ಕಲಿತಿದ್ದೇನೆ. ಹಲವು ವರ್ಷಗಳ ಹಿಂದೆ ನನ್ನ ಸ್ವಂತ ಹಳೆಯ ಕಾರಿಗೆ ಅಗ್ಗದ ಹೆಡರ್ ಹಾಕಿಸಿದ್ದೆನು. ಲೆಕ್ಕಪರಿಶೋಧಕನಾದ ನಾನು ಎರಡು ದರಗಳಲ್ಲಿ ಕಡಿಮೆಯದನ್ನು ಆರಿಸಿದೆನೆಂಬ ತೃಪ್ತಿ ಹದಿನಾಲ್ಕು ತಿಂಗಳು ಉಳಿಯಿತು. ಬಳಿಕ ಎಂಜಿನ್ ಬದಿಯಿಂದ ‘ಟಿಕ್ ಟಿಕ್’ ಸದ್ದು ಶುರುವಾಯಿತು. ಸದ್ದು ತಾನೇ ಎಂದು ಎರಡು ತಿಂಗಳು ಅಲಕ್ಷಿಸಿದೆ. ಪೆಟ್ರೋಲು ಹೆಚ್ಚು ಕುಡಿಯತೊಡಗಿದ್ದನ್ನು ಬೇರೆ ಕಾರಣಕ್ಕೆ ಹಚ್ಚಿದೆ. ಆಕ್ಸಿಜನ್ ಸೆನ್ಸರಿಗೆ ಮೊದಲೇ ಸೋರಿಕೆಯಿದ್ದರೆ ಹೊರಗಿನ ಗಾಳಿ ಒಳನುಗ್ಗಿ, ಎಂಜಿನ್ನಿನ ಕಂಪ್ಯೂಟರು ಇಂಧನ ಸಾಲದೆಂದು ತಪ್ಪು ತಿಳಿದು ಹೆಚ್ಚು ಸುರಿಯುತ್ತದೆ ಎಂಬುದು ನನಗಾಗ ಗೊತ್ತಿರಲಿಲ್ಲ. ಒಂದು ಸಂಜೆ ಧಾರವಾಡದಿಂದ ಬರುವಾಗ ಹಿಂದೆ ಕುಳಿತಿದ್ದ ನನ್ನ ಪತ್ನಿಗೆ ತಲೆನೋವು, ಓಕರಿಕೆ. ಕಿಟಕಿ ತೆರೆದ ಮೇಲೆ ಸರಿಹೋಯಿತು. ಸೋರುವ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದು ಎಂಜಿನ್ ಕಡೆಯಿಂದ ಒಳಗೆ ಬಂದರೆ ಪ್ರಾಣಕ್ಕೇ ಸಂಚಕಾರ. ಮರುದಿನವೇ ಕಾರನ್ನು ಗ್ಯಾರೇಜಿಗೆ ಕೊಟ್ಟೆನು. ಹೆಡರ್ ಬಿಚ್ಚುವಾಗ ತುಕ್ಕು ಹಿಡಿದ ಎರಡು ಸ್ಟಡ್‌ಗಳು ಸಿಲಿಂಡರ್ ಹೆಡ್ಡಿನೊಳಗೇ ಮುರಿದವು. ಹೆಡ್ಡನ್ನು ಇಳಿಸಿ, ಕೊರೆಸಿ, ಹೊಸ ಚೂಡಿ ಹಾಕಿಸಬೇಕಾಯಿತು. ಆ ಒಂದು ಕೆಲಸದ ಬಿಲ್ಲು ಹೆಡರ್‌ನ ಬೆಲೆಗಿಂತ ದೊಡ್ಡದಾಗಿತ್ತು. ಬಿಚ್ಚುವ ಪ್ರತಿಯೊಂದು ಸಲವೂ ಈ ಅಪಾಯವಿದ್ದೇ ಇರುತ್ತದೆ ಎಂಬುದನ್ನು ಕೆಳಗಿನ ಲೆಕ್ಕದಲ್ಲಿ ನೆನಪಿಡಬೇಕು; ಅದಕ್ಕೆ ಅಂಕಿ ಕೊಡುವುದು ಕಷ್ಟವೆಂದು ನಾನು ಕೊಟ್ಟಿಲ್ಲ.

ಲೆಕ್ಕ ಹೀಗೆ

ಕಕ್ಷಿದಾರರ ಎರಡು ದರಗಳನ್ನು ಹಿಡಿದು, ಉಳಿದವುಗಳನ್ನು ಉದಾಹರಣೆಗಾಗಿ ಊಹಿಸಿ ಲೆಕ್ಕ ಹಾಕಿದೆನು. ಕೂಡಿಸುವ ಕೂಲಿ 2,500 ರೂ., ಗ್ಯಾಸ್ಕೆಟ್ ಮತ್ತು ನಟ್ಟುಗಳಿಗೆ 700 ರೂ., ಎರಡು ದಿನ ಬಾಡಿಗೆ ವಾಹನಕ್ಕೆ 3,000 ರೂ. ಅಂದರೆ ಬೆಲೆ ಎಷ್ಟೇ ಇರಲಿ, ಒಮ್ಮೆ ಕೈಹಾಕಿದರೆ 6,200 ರೂಪಾಯಿ ಖಂಡಿತ. ಅಗ್ಗದ್ದು ಒಂದು ಸಲಕ್ಕೆ 14,200 ರೂ., ಬಾಳಿಕೆ ಎರಡು ವರ್ಷ. ದುಬಾರಿಯದು 34,200 ರೂ., ಬಾಳಿಕೆ ಎಂಟು ವರ್ಷ. ಮುಂದೆ ಮಾಡುವ ವೆಚ್ಚವನ್ನು ಶೇಕಡಾ 12ರ ಬಡ್ಡಿಯಂತೆ ಇಂದಿನ ಮೌಲ್ಯಕ್ಕೆ ಇಳಿಸಿದೆನು.

ಕಾರನ್ನು ನಾಲ್ಕು ವರ್ಷ ಇಟ್ಟುಕೊಳ್ಳುವುದಾದರೆ ಅಗ್ಗದ್ದನ್ನು ಎರಡು ಸಲ ಹಾಕಿಸಿದರೂ ಇಂದಿನ ಮೌಲ್ಯದಲ್ಲಿ 25,520 ರೂ. ಮಾತ್ರ. ದುಬಾರಿಯದು ಇದಕ್ಕಿಂತ ಎಂಟೂವರೆ ಸಾವಿರಕ್ಕೂ ಹೆಚ್ಚು; ಉಳಿದ ನಾಲ್ಕು ವರ್ಷಗಳ ಬಾಳಿಕೆ ಕಾರಿನೊಂದಿಗೆ ಗುಜರಿಗೆ ಹೋಗುತ್ತದೆ. ಆರು ವರ್ಷವಾದರೆ ಅಗ್ಗದ್ದು 34,544 ರೂ.; ಎರಡೂ ಸರಿಸಮ. ಎಂಟು ವರ್ಷಕ್ಕೆ 41,738 ರೂ.; ಈಗ ದುಬಾರಿಯದೇ ಅಗ್ಗ. ಆದರೆ ಅಗ್ಗದ್ದು ನನ್ನದರಂತೆ ವರ್ಷವೊಂದರಲ್ಲೇ ಕೆಡುವಂಥದಾದರೆ ಬರೀ ನಾಲ್ಕು ವರ್ಷಕ್ಕೇ 48,306 ರೂ. ಆಗುತ್ತದೆ. ಹೀಗಾಗಿ ‘ಯಾವುದು ಒಳ್ಳೆಯದು’ ಎಂದು ಅಂಗಡಿಯವನನ್ನು ಕೇಳುವ ಮೊದಲು ‘ಕಾರನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೇನೆ’ ಎಂದು ಮಾಲೀಕರು ತಮ್ಮನ್ನೇ ಕೇಳಿಕೊಳ್ಳಬೇಕಾಗುತ್ತದೆ. ದುಬಾರಿ ಹೆಡರ್‌ಗೆ ಕೊಡುವ ಗ್ಯಾರಂಟಿ ಸಾಮಾನ್ಯವಾಗಿ ವಸ್ತುವಿಗೆ ಮಾತ್ರ, ಕೂಲಿಗೆ ಅಲ್ಲ ಎಂಬುದನ್ನೂ ಗಮನಿಸಬೇಕು.

ಈ ವರ್ಷಗಳ ಲೆಕ್ಕದಲ್ಲಿ ಸಾರಿಗೆ ಇಲಾಖೆಯ ಪಾತ್ರವೂ ಇದೆ. ಹದಿನೈದು ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. ಇಪ್ಪತ್ತು ವರ್ಷ ದಾಟಿದವುಗಳಿಗೆ 2025ರ ಆಗಸ್ಟ್ ಅಧಿಸೂಚನೆಯಂತೆ 10,000. ನವೀಕರಣದ ಅವಧಿ ಹತ್ತಿರವಿದ್ದರೆ, ಅದು ಮುಗಿಯುವವರೆಗೆ ದುಬಾರಿ ಹೆಡರ್‌ಗೆ ಕೈಹಾಕದಿರುವುದು ಲೇಸು.

ಕಾನೂನು ಮತ್ತು ತೆರಿಗೆ

ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂ. ದಂಡ ಅಥವಾ ಎರಡೂ. ಶಬ್ದ ಮತ್ತು ಹೊಗೆಯ ಮಿತಿ ಮೀರಿ ಓಡಿಸಿದವರಿಗೆ ಮೊದಲ ಸಲವೇ 10,000 ರೂ.ವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸಿಗೆ ಅನರ್ಹತೆ. ಕೆಲವು ಹೆಡರ್‌ಗಳನ್ನು ಕೂಡಿಸುವಾಗ ಕ್ಯಾಟಲಿಟಿಕ್ ಕನ್ವರ್ಟರನ್ನೇ ಕಿತ್ತುಹಾಕುತ್ತಾರೆ. ಅಂಥದಕ್ಕೆ ಎಷ್ಟು ಅಗ್ಗವಾದರೂ ಒಪ್ಪಬಾರದು. ಕಿತ್ತ ಹಳೆಯ ಕನ್ವರ್ಟರಿನಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತವೆ. ‘ಹಳೇ ಸಾಮಾನು ಇಲ್ಲೇ ಬಿಡ್ರಿ’ ಎಂದು ಗ್ಯಾರೇಜಿನವರು ಔದಾರ್ಯ ತೋರಿದರೆ ಅದರ ಕಾರಣ ಇದೇ ಇದ್ದೀತು.

ಜಿಎಸ್‌ಟಿಯಲ್ಲಿ ಸೈಲೆನ್ಸರ್ ಹಾಗೂ ಹೊಗೆಕೊಳವೆಗಳು 8708 ಶೀರ್ಷಿಕೆಯಡಿ ಬರುತ್ತವೆ. ಶೇಕಡಾ 28 ಇದ್ದ ದರ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ. ಹದಿಮೂರು ಆಸನದವರೆಗಿನ ಪ್ರಯಾಣಿಕ ವಾಹನದ ದುರಸ್ತಿ ಸೇವೆಯ ಮೇಲಿನ ಇನ್‌ಪುಟ್ ತೆರಿಗೆ ಜಮೆಗೆ 17(5)ನೆಯ ಕಲಮು ಸಾಮಾನ್ಯವಾಗಿ ತಡೆಯೊಡ್ಡುತ್ತದೆ. ಬಿಡಿಭಾಗವನ್ನು ಪ್ರತ್ಯೇಕವಾಗಿ ಕೊಂಡರೆ ಜಮೆ ಸಿಗುವುದೆಂದು ವಾದಿಸಬಹುದು; ನಾಲ್ಕು ಸಾವಿರದ ಜಮೆಗಾಗಿ ನೋಟೀಸಿಗೆ ಉತ್ತರ ಬರೆಯುತ್ತ ಕೂಡಬೇಡಿರೆಂದು ನಾನು ಸಣ್ಣ ಕಕ್ಷಿದಾರರಿಗೆ ಹೇಳುತ್ತೇನೆ. ಸರಕು ವಾಹನವಾದರೆ ಮಾತು ಬೇರೆ. 28,000 ರೂ. ಬಿಲ್ಲಿನಲ್ಲಿ 4,271 ರೂ. ಜಮೆಯಾಗಿ ಮರಳುತ್ತದೆ. ಅಗ್ಗದ್ದನ್ನು ಬಿಲ್ಲಿಲ್ಲದೆ ಕೊಂಡರೆ ಏನೂ ಮರಳದು. ಇಪ್ಪತ್ತು ಸಾವಿರದ ಅಂತರ ಆಗ 15,729ಕ್ಕೆ ಇಳಿಯುತ್ತದೆ.

ಆದಾಯ ತೆರಿಗೆಯಲ್ಲಿ ಕೆಟ್ಟ ಭಾಗವನ್ನು ಬದಲಿಸುವುದು ಚಾಲ್ತಿ ದುರಸ್ತಿ. ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ವೆಚ್ಚವೇ ಚಾಲ್ತಿ ದುರಸ್ತಿಯೆಂದು ಸರ್ವೋಚ್ಚ ನ್ಯಾಯಾಲಯ 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಹೇಳಿದೆ. ಕಾರನ್ನು ಮನೆಯ ಬಳಕೆಗೂ ಒಯ್ಯುತ್ತಿದ್ದರೆ ಆ ಪಾಲನ್ನು ಬಿಡಬೇಕು. ಒಂದೇ ದಿನ ಒಬ್ಬರಿಗೆ ಹತ್ತು ಸಾವಿರಕ್ಕೆ ಮೀರಿ ನಗದು ಕೊಡಬಾರದು. ಅಂದಾಜು ಲಾಭದ ಪದ್ಧತಿಯಲ್ಲಿ ತೆರಿಗೆ ಕಟ್ಟುವ ಸದಸ್ಯರಿಗೆ ಇಂಥ ವೆಚ್ಚಕ್ಕೆ ಪ್ರತ್ಯೇಕ ಕಡಿತವೇ ಇಲ್ಲ. ಅವರ ಪಾಲಿಗೆ ಪೂರ್ಣ ಮೊತ್ತವೂ ಕೈಯಿಂದ ಹೋಗುವ ಹಣ.

ಇಷ್ಟನ್ನೂ ಕಾಗದದ ಮೇಲೆ ತೋರಿಸಿ, “ಕಾರು ಎಷ್ಟು ವರ್ಷ ಇಡ್ತೀರಿ?” ಎಂದು ಕಕ್ಷಿದಾರರನ್ನು ಕೇಳಿದೆನು. ಮೊದಲು ಎರಡು ವರ್ಷವೆಂದರು. ಹಾಗಿದ್ದರೆ ಅಗ್ಗದ್ದು ಸಾಕು, ಫ್ಲೇಂಜ್ ದಪ್ಪ ನೋಡಿ ಕೊಳ್ಳಿರಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಲ್ರಿ ಸಾಹೇಬ್ರ, ಅಪ್ಪಾರ ಗಾಡಿ ಅದು. ಮಾರೂದಿಲ್ರಿ” ಎಂದರು. ಉತ್ತರ ಬದಲಾದೊಡನೆ ಲೆಕ್ಕವೂ ಬದಲಾಯಿತು. ಆದರೆ ಮಾರದೆ ಇಟ್ಟುಕೊಳ್ಳುವ ಕಾರಿಗೆ ಹೆಡರೇ ಏಕೆ? ತಯಾರಕರ ಮೂಲ ಬೀಡಿನ ಮ್ಯಾನಿಫೋಲ್ಡ್ ಸಿಕ್ಕರೆ ಬಾಳಿಕೆಗೂ ಕಾನೂನಿಗೂ ಅದಕ್ಕಿಂತ ಉತ್ತಮವಾದದ್ದಿಲ್ಲ. ಸಿಗದಿದ್ದರೆ ಮಾತ್ರ, ಕನ್ವರ್ಟರ್ ಮತ್ತು ಸೆನ್ಸರ್ ಇದ್ದಲ್ಲೇ ಉಳಿಯುವಂಥ 304ರ ಹೆಡರ್ ಎಂದು ಸಲಹೆ ಕೊಟ್ಟೆನು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದಾಗ ಬಿಚ್ಚಿದ ಎಸ್ಟೀಮ್ ಒಂದರ ಮ್ಯಾನಿಫೋಲ್ಡ್ ಬಿರುಕಿಲ್ಲದೆ ದೊರೆಯಿತು. ಕಕ್ಷಿದಾರರು ತಮ್ಮದೇ ವರ್ಕ್‌ಶಾಪಿನಲ್ಲಿ ಅದರ ಮುಖವನ್ನು ಸಮತಟ್ಟು ಮಾಡಿಸಿ, ಹೊಸ ಸ್ಟಡ್ ಹಾಗೂ ಗ್ಯಾಸ್ಕೆಟ್ ಹಾಕಿಸಿ ಕೂಡಿಸಿದರು. ಕಾರು ಓಡುತ್ತಿದೆ. ತಂದ ಬಿಲ್ಲಿನಲ್ಲಿ ಮಾತ್ರ ಸಂಸ್ಥೆಯ ಹೆಸರಿನ ಬದಲು ಅವರ ತಂದೆಯವರ ಹೆಸರಿತ್ತು. ತಿದ್ದಿಸಿ ತರಲು ಹಿಂದಕ್ಕೆ ಕಳಿಸಿದ್ದೇನೆ.