ಹಳೆಯ ಸ್ಕೀ ಹಲಗೆ: ಗುಜರಿಯಿಂದ ಅಂಗಳದ ಆಸನಕ್ಕೆ

ಮೂಲೆಗೆ ಬಿದ್ದ ವಸ್ತುವೂ ಉದ್ಯಮವೊಂದಕ್ಕೆ ಕಚ್ಚಾವಸ್ತುವಾಗಬಲ್ಲದು. ಅಮೆರಿಕದ ವರ್ಮಾಂಟ್, ಕೊಲರಾಡೊ ರಾಜ್ಯಗಳಲ್ಲಿ ಹಳೆಯ ಸ್ಕೀ ಹಲಗೆಗಳಿಂದ ತಯಾರಾಗುವ ಹೊರಾಂಗಣ ಕುರ್ಚಿಗಳೇ ಇದಕ್ಕೆ ನಿದರ್ಶನ.

ಮರದ ತಿರುಳು, ಫೈಬರ್‌ಗ್ಲಾಸ್, ಪಾಲಿಎಥಿಲೀನ್ ಹಾಗೂ ಉಕ್ಕಿನ ಅಂಚುಗಳನ್ನು ಒಂದಾಗಿ ಬೆಸೆದಿರುವುದರಿಂದ ಸ್ಕೀಯನ್ನು ಬಿಡಿಸಿ ಮರುಬಳಸುವುದು ಕಷ್ಟಸಾಧ್ಯ. ಆದರೆ ಹಿಮ, ತೇವಗಳನ್ನು ತಾಳಬಲ್ಲ ಅದೇ ರಚನೆ ಅಂಗಳದ ಆಸನಕ್ಕೆ ಯೋಗ್ಯ. ಕಚ್ಚಾವಸ್ತು ಅಗ್ಗವಾದರೂ ಶ್ರಮ ಅಗ್ಗವಲ್ಲ. ಬೂಟು ಸಿಕ್ಕಿಸುವ ಹಿಡಿಕೆಗಳನ್ನು ಕಳಚಬೇಕು. ಉಕ್ಕಿನ ಅಂಚಿಗೆ ಲೋಹ ಕತ್ತರಿಸುವ ಅಲಗನ್ನೇ ಬಳಸಬೇಕು. ಫೈಬರ್‌ಗ್ಲಾಸ್ ಧೂಳು ಒಳಸೇರದಂತೆ ಮುಖಗವಸು ಧರಿಸಬೇಕು. ಕತ್ತರಿಸಿದ ತುದಿಗಳನ್ನು ನಯಗೊಳಿಸಬೇಕು. ಈ ಶ್ರಮವನ್ನು ಲೆಕ್ಕಕ್ಕೆ ಹಿಡಿಯದೆ ಬೆಲೆ ಕಟ್ಟಿದರೆ ನಷ್ಟ ಖಚಿತ.

ಇಂತಹ ಕುರ್ಚಿಗಳಿಗೆ ಮಾದರಿಯಾಗಿರುವುದು ಪ್ರಸಿದ್ಧ ಆಡಿರಾಂಡ್ಯಾಕ್ ಕುರ್ಚಿ. 1903ರಲ್ಲಿ ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಪೋರ್ಟ್‌ನಲ್ಲಿ ಅದರ ಮೂಲರೂಪವನ್ನು ಸಿದ್ಧಪಡಿಸಿದವರು ಥಾಮಸ್ ಲೀ. ಚಳಿಗಾಲದಲ್ಲಿ ಸಂಪಾದನೆಯಿಲ್ಲದ ಬಡಗಿ ಮಿತ್ರ ಹ್ಯಾರಿ ಬನ್ನೆಲ್ ಅವರಿಗೆ ಲೀ ಆ ವಿನ್ಯಾಸವನ್ನು ನೀಡಿದರು. ಬನ್ನೆಲ್ ಅವರು ಲೀ ಅವರನ್ನು ಕೇಳದೆಯೇ ಅರ್ಜಿ ಸಲ್ಲಿಸಿ, 1905ರಲ್ಲಿ ತಮ್ಮ ಹೆಸರಿನಲ್ಲಿ ಪೇಟೆಂಟ್ ಪಡೆದರೆನ್ನಲಾಗಿದೆ. ಅದರ ಅವಧಿ ಎಂದೋ ಮುಗಿದಿದ್ದು, ಇಂದು ಆ ವಿನ್ಯಾಸ ಸರ್ವರಿಗೂ ಮುಕ್ತ.

ಗುಜರಿಯಲ್ಲಿ ಬಂಡವಾಳವಿದೆ, ಕಲ್ಪನೆಯೂ ಬಂಡವಾಳವೇ. ಮೊದಲನೆಯದನ್ನು ಗುರುತಿಸುವ ಸಣ್ಣ ಉದ್ಯಮಿಯು ಎರಡನೆಯದನ್ನು ಕಾಯ್ದುಕೊಳ್ಳಲು ಮರೆಯಬಾರದು.